‘ಹಾಕ್’ ಎಂದರೆ ಅಡವು: ಇಂಗ್ಲಿಷಿನ ಒಂದು ಆಡುಮಾತಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕಾದಂಬರಿ ಓದುವವರು, ಸುದ್ದಿಮನೆಯಲ್ಲಿ ಅನುವಾದಕ್ಕೆ ಕೂತವರು, ಇಂಗ್ಲಿಷ್ ಪದಬಂಧದ ಗೀಳು ಹತ್ತಿಸಿಕೊಂಡವರು ಒಂದಲ್ಲ ಒಂದು ದಿನ ಈ ಪದವನ್ನು ಎದುರಾಗುತ್ತಾರೆ. ಎಚ್, ಓ, ಸಿ, ಕೆ ಎಂಬ ನಾಲ್ಕು ಅಕ್ಷರ. ಕನ್ನಡದಲ್ಲಿ ‘ಹಾಕ್’ ಎಂದು ಬರೆಯುತ್ತೇನೆ. ಮಾತಿನಲ್ಲೂ ಪತ್ರದಲ್ಲೂ ಬಂದ ಪ್ರಶ್ನೆಗಳನ್ನು ಕೇಳಿದವರ ಧಾಟಿಯಲ್ಲೇ ಇಟ್ಟಿದ್ದೇನೆ. ಅರ್ಥವಷ್ಟೇ ಸಾಕೆನ್ನುವವರು ಮೊದಲ ಭಾಗ ಓದಿ ಎದ್ದು ಹೋಗಬಹುದು.

## ಅರ್ಥ ಮತ್ತು ಬಳಕೆ

‘ಹೀ ಹಾಕ್ಡ್ ಹಿಸ್ ವಾಚ್’ ಎಂದು ಕಾದಂಬರಿಯಲ್ಲಿದೆ. ವಾಚಿಗೆ ಏನಾಯಿತು?

ಅಡವಿಗೆ ಹೋಯಿತು. ಅವನು ವಾಚನ್ನು ಗಿರವಿ ಅಂಗಡಿಯಲ್ಲಿ ಇಟ್ಟು ಹಣ ತಂದಿದ್ದಾನೆ. ಅಂಗಡಿಯವನು ಕೊಟ್ಟ ಚೀಟಿ ಜೇಬಿನಲ್ಲಿದೆ; ಅಸಲು ಬಡ್ಡಿ ಕಟ್ಟಿದರೆ ವಾಚು ವಾಪಸು ಬರುತ್ತದೆ. ‘ಹಾಕ್’ ಇಲ್ಲಿ ಕ್ರಿಯಾಪದ. ನಾಮಪದವಾದಾಗ ಅದು ಸಾಮಾನ್ಯವಾಗಿ ‘ಇನ್ ಹಾಕ್’ ಎಂಬ ಜೋಡಿಯಲ್ಲಿ ಬರುತ್ತದೆ: ವಾಚು ‘ಇನ್ ಹಾಕ್’ ಎಂದರೆ ಅಡವಿನಲ್ಲಿದೆ, ‘ಔಟ್ ಆಫ್ ಹಾಕ್’ ಎಂದರೆ ಬಿಡಿಸಿಕೊಂಡಾಗಿದೆ. ‘ಹಾಕ್ ಶಾಪ್’ ಎಂದರೆ ಗಿರವಿ ಅಂಗಡಿ.

ಮಾರುವುದಕ್ಕೂ ಇದಕ್ಕೂ ನಿಜವಾದ ವ್ಯತ್ಯಾಸ ಇದೆಯೇ? ಕೊನೆಗೆ ಎರಡರಲ್ಲೂ ವಸ್ತು ಹೋಗುತ್ತದಲ್ಲ!

ಹೋಗಲೇಬೇಕೆಂದಿಲ್ಲ. ಮಾರಿದವನಿಗೆ ವಸ್ತುವಿನ ಮೇಲೆ ಮತ್ತೆ ಹಕ್ಕಿಲ್ಲ. ಅಡವಿಟ್ಟವನಿಗೆ ಗಡುವು ಮುಗಿಯುವವರೆಗೆ ಇದೆ. ಕಥೆಗಾರರು ಈ ಪದವನ್ನು ಪ್ರೀತಿಸುವುದು ಇದೇ ಕಾರಣಕ್ಕೆ. ತಂದೆಯ ಗಿಟಾರನ್ನು ಮಾರಿದ ಮಗ ಒಂದು ಬಗೆಯ ಪಾತ್ರ, ‘ಹಾಕ್’ ಮಾಡಿದ ಮಗ ಬೇರೆಯೇ ಬಗೆ. ಎರಡನೆಯವನು ಮುಂದಿನ ಸಂಬಳದ ದಿನವನ್ನು ಎಣಿಸುತ್ತಿದ್ದಾನೆ. ಅನುವಾದಕರು ಅವಸರದಲ್ಲಿ ‘ಮಾರಿಬಿಟ್ಟ’ ಎಂದು ಬರೆದರೆ ಪಾತ್ರವೇ ಬದಲಾಗುತ್ತದೆ.

ಅಮೆರಿಕದ ಗಿರವಿ ವ್ಯವಹಾರದಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು. ಗಡುವಿನೊಳಗೆ ಹಣ ಕಟ್ಟದಿದ್ದರೆ ವಸ್ತು ಅಂಗಡಿಗೆ ಸೇರುತ್ತದೆ, ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಸಾಲಗಾರನ ಬೆನ್ನು ಹತ್ತಿ ಯಾರೂ ಬರುವುದಿಲ್ಲ. ಗಿರವಿ ಅಂಗಡಿಯ ಕಪಾಟಿನಲ್ಲಿ ಗಿಟಾರು, ಮದುವೆಯ ಉಂಗುರ, ಕೊರೆಯುವ ಯಂತ್ರಗಳು ಸಾಲಾಗಿ ಮಾರಾಟಕ್ಕೆ ನಿಂತಿರುವುದು ಹೀಗೆ.

ಅಡವಿಗೆ ಇಂಗ್ಲಿಷಿನಲ್ಲಿ ‘ಪಾನ್’ (pawn) ಎಂಬ ಪದ ಇರುವಾಗ ‘ಹಾಕ್’ ಯಾಕೆ ಬೇಕು?

‘ಪಾನ್’ ಅಂಗಡಿಯ ಫಲಕದ ಮೇಲೆ, ಕಾನೂನಿನಲ್ಲಿ, ರಸೀದಿಯಲ್ಲಿ ಇರುವ ಪದ. ‘ಹಾಕ್’ ಆ ಅಂಗಡಿಗೆ ಹೋದವನ ಬಾಯಲ್ಲಿರುವ ಪದ. ಅದರಲ್ಲಿ ಸ್ವಲ್ಪ ನಾಚಿಕೆ, ಸ್ವಲ್ಪ ಉಡಾಫೆ ಎರಡೂ ಬೆರೆತಿವೆ. ಅಡವಿಡುವುದು ಎಲ್ಲ ಊರಿನಲ್ಲೂ ಮುಚ್ಚಿಡುವ ಕೆಲಸವೇ ಆದ್ದರಿಂದ ಅದಕ್ಕೆ ಅಡ್ಡಹೆಸರುಗಳು ಎಲ್ಲೆಡೆ ಹುಟ್ಟಿವೆ. ನಮ್ಮಲ್ಲಿ ಸರ ಎಲ್ಲಿ ಎಂದು ನೆಂಟರು ಕೇಳಿದರೆ ‘ಬ್ಯಾಂಕಿನಲ್ಲಿದೆ’ ಎಂಬ ಉತ್ತರ ಬರುತ್ತದೆ. ಲಾಕರಿನಲ್ಲೋ ಚಿನ್ನದ ಸಾಲದ ಪಾಕೀಟಿನಲ್ಲೋ ಎಂದು ಮುಂದೆ ಕೇಳುವುದು ಸಭ್ಯತೆಯಲ್ಲ.

ಇದು ಕೆಟ್ಟ ಪದವೇ? ಕಚೇರಿಯ ಪತ್ರದಲ್ಲಿ ಬಳಸಬಹುದೇ?

ಕೆಟ್ಟ ಪದವಲ್ಲ, ಬೈಗುಳವೂ ಅಲ್ಲ. ಪತ್ರಿಕೆಯ ಅಂಕಣದಲ್ಲಿ, ಸಂಪಾದಕೀಯದಲ್ಲಿ ಧಾರಾಳವಾಗಿ ಬರುತ್ತದೆ. ಬ್ಯಾಂಕಿಗೆ ಬರೆಯುವ ಅರ್ಜಿಯಲ್ಲಿ ಬೇಡ.

ಆರ್ಥಿಕ ಸುದ್ದಿಯಲ್ಲಿ ಇಡೀ ದೇಶವೇ ‘ಇನ್ ಹಾಕ್’ ಎಂದಿರುತ್ತದೆ. ದೇಶವನ್ನು ಯಾರು ಅಡವಿಟ್ಟರು?

ಯಾರೂ ಇಟ್ಟಿಲ್ಲ. ಅಲ್ಲಿ ಅರ್ಥ ಒಂದು ಹೆಜ್ಜೆ ಮುಂದೆ ಹೋಗಿದೆ: ‘ಇನ್ ಹಾಕ್’ ಎಂದರೆ ಸಾಲದಲ್ಲಿದೆ, ವಸ್ತು ಒತ್ತೆ ಇಟ್ಟಿರಲಿ ಬಿಡಲಿ. ಕುತ್ತಿಗೆಯವರೆಗೆ ‘ಇನ್ ಹಾಕ್’ ಎಂದೂ ಬರೆಯುತ್ತಾರೆ. ಅದಕ್ಕೂ ಮುಂದಿನ ಹೆಜ್ಜೆ ಹಣದ್ದಲ್ಲ, ಋಣದ್ದು. ಒಬ್ಬ ರಾಜಕಾರಣಿ ತೈಲ ಕಂಪನಿಗಳಿಗೆ ‘ಇನ್ ಹಾಕ್’ ಎಂದು ಬರೆದಾಗ, ಚುನಾವಣೆಗೆ ಅವರ ಹಣ ತೆಗೆದುಕೊಂಡ ಕಾರಣ ಅವರ ಮಾತು ಮೀರಲಾರ ಎಂಬ ಸೂಚನೆಯಿದೆ. ಇದಕ್ಕೆ ಕನ್ನಡದಲ್ಲಿ ‘ಹಂಗು’ ಎಂಬ ಅಚ್ಚುಕಟ್ಟಾದ ಮಾತಿದೆ. ‘ತೈಲ ಕಂಪನಿಗಳ ಹಂಗಿನಲ್ಲಿದ್ದಾನೆ’ ಎಂದರೆ ಮುಗಿಯಿತು. ‘ಅಡವು’ ಎಂಬ ಪದವನ್ನು ಅಲ್ಲಿ ಎಳೆದು ತರಬೇಕಿಲ್ಲ.

ಮನೆಯನ್ನೂ ‘ಹಾಕ್’ ಮಾಡಬಹುದೇ?

ಕಟ್ಟುನಿಟ್ಟಾಗಿ ಹೇಳುವುದಾದರೆ ಇಲ್ಲ. ಗಿರವಿ ಎಂದರೆ ವಸ್ತು ಸಾಲ ಕೊಟ್ಟವನ ಕೈ ಸೇರುತ್ತದೆ. ಮನೆಯನ್ನು ಎತ್ತಿಕೊಂಡು ಹೋಗಲು ಆಗುವುದಿಲ್ಲ. ಅದು ಅಡಮಾನ, ಇಂಗ್ಲಿಷಿನಲ್ಲಿ ಮಾರ್ಟ್‌ಗೇಜ್. ಆದರೂ ಮನೆ ಸಾಲದಲ್ಲಿ ಮುಳುಗಿದವರು ತಮ್ಮನ್ನು ತಾವೇ ಲೇವಡಿ ಮಾಡಿಕೊಳ್ಳುತ್ತಾ ಮನೆ ‘ಇನ್ ಹಾಕ್’ ಎಂದು ಹೇಳುವುದುಂಟು.

## ಮೂಲ

ಈ ಪದ ಹುಟ್ಟಿದ್ದು ಎಲ್ಲಿ?

ಅಮೆರಿಕದಲ್ಲಿ, ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ, ಅದೂ ಸಭ್ಯರ ನಡುವೆ ಅಲ್ಲ. ಹೆಚ್ಚಿನ ನಿಘಂಟುಗಳು ಒಪ್ಪುವ ಮೂಲ ಡಚ್ ಭಾಷೆಯ ‘ಹೊಕ್’. ಅದರ ಅರ್ಥ ಗೂಡು, ದೊಡ್ಡಿ. ಇವತ್ತಿನ ಡಚ್ಚಿನಲ್ಲೂ ನಾಯಿಗೂಡು ‘ಹೊಂಡನ್‌ಹೊಕ್’, ಹಂದಿಗೂಡು ‘ವರ್ಕನ್ಸ್‌ಹೊಕ್’. ಪ್ರಾಣಿಯನ್ನು ಕೂಡುವ ಜಾಗದಿಂದ ಮನುಷ್ಯನನ್ನು ಕೂಡುವ ಜಾಗಕ್ಕೆ, ಅಂದರೆ ಸೆರೆಮನೆಗೆ, ಅರ್ಥ ಹರಿಯಿತು. ಡಚ್ ಆಡುಮಾತಿನಲ್ಲಿ ಸಾಲ ಎಂಬ ಅರ್ಥವೂ ಅದಕ್ಕಿತ್ತು ಎಂದು ಕೆಲವು ನಿಘಂಟುಗಳು ಸೇರಿಸುತ್ತವೆ.

ಅಮೆರಿಕದ ದಾಖಲೆಗಳನ್ನು ಕಾಲಕ್ರಮದಲ್ಲಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ನ್ಯೂಯಾರ್ಕ್ ನಗರ ಪೊಲೀಸರ ಮೊದಲ ಮುಖ್ಯಸ್ಥ ಜಾರ್ಜ್ ವಾಷಿಂಗ್ಟನ್ ಮಾಟ್ಸೆಲ್ 1859ರಲ್ಲಿ ಕಳ್ಳರ ಪದಗಳ ಒಂದು ನಿಘಂಟನ್ನು ಪ್ರಕಟಿಸಿದ. ‘ವೊಕಾಬ್ಯುಲಮ್’ ಅದರ ಹೆಸರು. ಕಳ್ಳರನ್ನು ಹಿಡಿಯುವವನು ಅವರ ನುಡಿಯನ್ನೂ ಹಿಡಿದಿಟ್ಟದ್ದು ಭಾಷೆಯ ಅದೃಷ್ಟ. ಆ ಪುಸ್ತಕದ ಪ್ರಕಾರ ಕಳ್ಳರ ಲೋಕದಲ್ಲಿ ಒಬ್ಬ ‘ಇನ್ ಹಾಕ್’ ಆದ ಎಂದರೆ ಜೈಲು ಸೇರಿದ ಎಂದು ಅರ್ಥ. ಅಡವಿನ ಪ್ರಸ್ತಾಪವೇ ಅಲ್ಲಿಲ್ಲ. ಅಡವಿಡು ಎಂಬ ಕ್ರಿಯಾಪದ ಬರವಣಿಗೆಯಲ್ಲಿ ಕಾಣಿಸುವುದು 1870ರ ದಶಕದಲ್ಲಿ. ಮೊದಲು ಮನುಷ್ಯ ಒಳಗೆ ಹೋದ, ಅವನ ಹಿಂದೆ ಅವನ ಗಡಿಯಾರವೂ ಹೋಯಿತು.

ಜೈಲಿಗೂ ಗಿರವಿ ಅಂಗಡಿಗೂ ಏನು ಸಂಬಂಧ? ಈ ಜಿಗಿತ ನನಗೆ ಒಪ್ಪಿಗೆಯಾಗುವುದಿಲ್ಲ.

ಇಂದಿನ ಕಣ್ಣಿಗೆ ಅದು ಜಿಗಿತ. ಅಂದಿನವರಿಗೆ ಸಾಲ ಮತ್ತು ಜೈಲು ಅಕ್ಕಪಕ್ಕದ ಬಾಗಿಲುಗಳು. ಸಾಲ ತೀರಿಸಲಾರದವರನ್ನು ಸೆರೆಗೆ ಹಾಕುವ ಪದ್ಧತಿಯನ್ನು ನ್ಯೂಯಾರ್ಕ್ ರಾಜ್ಯ ಕೈಬಿಟ್ಟದ್ದು 1831ರಲ್ಲಿ. ಅಮೆರಿಕದ ಒಕ್ಕೂಟ ಸರ್ಕಾರ 1833ರಲ್ಲಿ. ಇಂಗ್ಲೆಂಡಿನಲ್ಲಿ ಅದು ಇನ್ನೂ ಕೆಲವು ದಶಕ ನಡೆಯಿತು. 1824ರಲ್ಲಿ ಚಾರ್ಲ್ಸ್ ಡಿಕನ್ಸ್‌ನ ತಂದೆಯನ್ನು ಸಾಲಕ್ಕಾಗಿ ಲಂಡನ್ನಿನ ಮಾರ್ಷಲ್‌ಸೀ ಸೆರೆಮನೆಗೆ ಹಾಕಿದಾಗ, ಹನ್ನೆರಡರ ಹುಡುಗ ಚಾರ್ಲ್ಸ್ ಬೂಟು ಪಾಲಿಷಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಮನೆಯ ಸಾಮಾನು ಒಂದೊಂದಾಗಿ ಗಿರವಿಗೆ ಹೋಗುತ್ತಿತ್ತು. ಇಂಥ ಕಾಲದಲ್ಲಿ ಒಂದೇ ಪದ ಎರಡೂ ಕಡೆ ಓಡಾಡುವುದು ಸಹಜ.

ಇನ್ನೂ ಒಪ್ಪಿಗೆಯಾಗದಿದ್ದರೆ ಕನ್ನಡವನ್ನೇ ಕೇಳಿ. ನಾವು ಒಡವೆಯನ್ನು ಬ್ಯಾಂಕಿನಿಂದ ಬಿಡಿಸಿಕೊಂಡು ಬರುತ್ತೇವೆ, ತಮ್ಮನನ್ನು ಪೊಲೀಸ್ ಠಾಣೆಯಿಂದ ಬಿಡಿಸಿಕೊಂಡು ಬರುತ್ತೇವೆ. ವಸ್ತುವನ್ನು ‘ಒತ್ತೆ’ ಇಡುತ್ತೇವೆ, ಅಪಹರಣವಾದವನನ್ನು ‘ಒತ್ತೆಯಾಳು’ ಎನ್ನುತ್ತೇವೆ. ಸೆರೆಯ ಮಾತೂ ಅಡವಿನ ಮಾತೂ ನಮ್ಮಲ್ಲೂ ಬೆರೆತೇ ಇವೆ.

ಇಸ್ಪೀಟು ಆಟದಿಂದ ಬಂತು ಎಂದು ಓದಿದ್ದೆ. ಅದು ಸುಳ್ಳೇ?

ಸುಳ್ಳಲ್ಲ, ಆದರೆ ಅದು ನದಿಯ ಮೂಲವಲ್ಲ, ನಡುವಿನ ಘಟ್ಟ. ಫೇರೋ ಎಂಬ ಜೂಜು ಹತ್ತೊಂಬತ್ತನೆಯ ಶತಮಾನದ ಅಮೆರಿಕವನ್ನು ಆಳಿತು. ಮಿಸಿಸಿಪಿಯ ಹಬೆದೋಣಿಗಳಲ್ಲಿ, ಚಿನ್ನ ಹುಡುಕಿ ಹೋದವರ ಬಿಡಾರಗಳಲ್ಲಿ ಪೋಕರ್‌ಗಿಂತ ಮೊದಲು ಅದರದೇ ದರ್ಬಾರು. 52 ಎಲೆಗಳ ಕಟ್ಟನ್ನು ಪೆಟ್ಟಿಗೆಯೊಂದರಲ್ಲಿ ಇಟ್ಟು ಒಂದೊಂದೇ ಎಲೆ ಎಳೆಯುತ್ತಿದ್ದರು. ಮೇಲಿನ ಮೊದಲ ಎಲೆ ‘ಸೋಡಾ’, ಅದು ಲೆಕ್ಕಕ್ಕಿಲ್ಲ. ಆಮೇಲೆ ಎರಡೆರಡು ಎಲೆಗಳ 25 ಸುತ್ತು: ಒಂದು ಸೋಲುವ ಎಲೆ, ಒಂದು ಗೆಲ್ಲುವ ಎಲೆ. ತಳದಲ್ಲಿ ಉಳಿಯುವ ಕೊನೆಯ ಎಲೆಯ ಹೆಸರು ‘ಹಾಕ್’. ಮೊದಲಿನಿಂದ ಕೊನೆಯವರೆಗೆ ಎಂಬರ್ಥದಲ್ಲಿ ‘ಸೋಡಾದಿಂದ ಹಾಕ್‌ವರೆಗೆ’ ಎಂಬ ಮಾತೂ ಚಾಲ್ತಿಯಲ್ಲಿತ್ತು.

ಮಾಟ್ಸೆಲ್ ಜೂಜುಕೋರರ ‘ಇನ್ ಹಾಕ್’ ಅನ್ನು ಬೇರೆಯಾಗಿಯೇ ವಿವರಿಸಿದ್ದಾನೆ. ತನಗಿಂತ ಚುರುಕಾದ ಜೂಜುಕೋರನ ಕೈಗೆ ಸಿಕ್ಕಿ ಸೋತವನು ‘ಇನ್ ಹಾಕ್’. ಅಂಥ ಆಟದಲ್ಲಿ ಒಮ್ಮೆ ಕಟ್ಟಿದ ಹಣವನ್ನು ಗೆಲ್ಲುವವರೆಗೆ ಇಲ್ಲವೇ ಸೋಲುವವರೆಗೆ ಎತ್ತುವಂತಿಲ್ಲ. ಆಟಗಾರ ಗೆದ್ದದ್ದನ್ನು ಬದುಕಿರುವವರಲ್ಲಿ ಅತಿ ಮುದುಕನೂ ಕಂಡಿಲ್ಲ ಎಂದು ಆ ಪೊಲೀಸ್ ಅಧಿಕಾರಿ ವ್ಯಂಗ್ಯವಾಡುತ್ತಾನೆ. ಇಲ್ಲಿ ಒಂದು ಮುಖ್ಯ ಎಳೆ ಸಿಗುತ್ತದೆ: ಸಿಕ್ಕಿಬಿದ್ದದ್ದು ಮನುಷ್ಯನಷ್ಟೇ ಅಲ್ಲ, ಅವನ ಹಣವೂ. ಹಣ ಬೇರೊಬ್ಬನ ವಶದಲ್ಲಿ ಅಲ್ಲಾಡದೆ ಕೂತಿದೆ. ಅಲ್ಲಿಂದ ಗಿರವಿ ಅಂಗಡಿಯ ಕಪಾಟಿಗೆ ದೂರ ಬಹಳ ಕಡಿಮೆ. ಸೋತ ಜೂಜುಕೋರ ನೇರವಾಗಿ ಹೋಗುತ್ತಿದ್ದ ಅಂಗಡಿಯೂ ಅದೇ ಅಲ್ಲವೇ?

ನ್ಯೂಯಾರ್ಕಿನಲ್ಲಿ ಡಚ್ಚರ ಆಡಳಿತ 1664ಕ್ಕೇ ಮುಗಿಯಿತು. 1850ರಲ್ಲಿ ಡಚ್ ಪದ ಎಲ್ಲಿಂದ ಬರಬೇಕು?

ಆಡಳಿತ ಮುಗಿದರೆ ಮನೆಮಾತು ಮುಗಿಯುವುದಿಲ್ಲ. ಹಡ್ಸನ್ ನದಿಯ ಕಣಿವೆಯ ಹಳ್ಳಿಗಳಲ್ಲಿ ಡಚ್ ಹತ್ತೊಂಬತ್ತನೆಯ ಶತಮಾನದಲ್ಲೂ ಬದುಕಿತ್ತು. 1837ರಿಂದ 1841ರವರೆಗೆ ಅಮೆರಿಕದ ಅಧ್ಯಕ್ಷನಾಗಿದ್ದ ಮಾರ್ಟಿನ್ ವ್ಯಾನ್ ಬ್ಯೂರೆನ್ ಅಂಥ ಒಂದು ಊರಾದ ಕಿಂಡರ್‌ಹುಕ್‌ನವನು. ಅವನ ತಾಯ್ನುಡಿ ಡಚ್, ಇಂಗ್ಲಿಷ್ ಕಲಿತದ್ದು. ‘ಬಾಸ್’, ‘ಕುಕಿ’, ‘ಸಾಂತಾ ಕ್ಲಾಸ್’ ಇವೆಲ್ಲ ಅಮೆರಿಕದ ಇಂಗ್ಲಿಷಿಗೆ ಡಚ್ಚರು ಬಿಟ್ಟುಹೋದವು. ಆ ಸಾಲಿಗೆ ಇನ್ನೊಂದು ಸೇರಿದರೆ ಆಶ್ಚರ್ಯವಿಲ್ಲ.

ಒಂದು ತಮಾಷೆ ಮಾತ್ರ ಇದೆ. ಡಚ್ಚರು ತಮ್ಮ ಊರಿನ ಗಿರವಿ ಅಂಗಡಿಯನ್ನು ‘ಹೊಕ್’ ಎನ್ನುವುದಿಲ್ಲ. ಅವರ ಪದ ‘ಲೊಮ್ಮರ್ಡ್’. ಇಟಲಿಯ ಲೊಂಬಾರ್ಡಿಯಿಂದ ಬಂದ ಲೇವಾದೇವಿಗಾರರ ನೆನಪು ಅದರಲ್ಲಿದೆ.

ಕೊಕ್ಕೆಗೆ ನೇತುಹಾಕುತ್ತಿದ್ದರು, ಇಂಗ್ಲಿಷಿನ ‘ಹುಕ್’ ಹೋಗಿ ‘ಹಾಕ್’ ಆಯಿತು ಎನ್ನುತ್ತಾರೆ. ನಂಬಬಹುದೇ?

ಬೇಡ. ಕೋಟುಗಳನ್ನು ಕೊಕ್ಕೆಗೆ ನೇತುಹಾಕುತ್ತಿದ್ದದ್ದು ನಿಜ ಇರಬಹುದು, ಪದ ಅಲ್ಲಿಂದ ಬಂದದ್ದಕ್ಕೆ ಆಧಾರವಿಲ್ಲ. ಪದದ ಹಳೆಯ ಬಳಕೆ ಜೈಲು ಮತ್ತು ಜೂಜಿನದು. ಅಲ್ಲಿ ಕೋಟೂ ಇಲ್ಲ, ಕೊಕ್ಕೆಯೂ ಇಲ್ಲ. ಪದದ ಮೂಲ ಹೇಳುವ ಕಥೆ ತೀರಾ ಸೊಗಸಾಗಿದ್ದರೆ, ಅದನ್ನು ಪದ ಹುಟ್ಟಿದ ಎಷ್ಟೋ ವರ್ಷಗಳ ನಂತರ ಯಾರೋ ಕೂತು ಹೊಸೆದಿರುತ್ತಾರೆ.

ನಾವು ‘ಒಡವೆಯನ್ನು ಗಿರವಿಗೆ ಹಾಕು’ ಎನ್ನುತ್ತೇವೆ. ಕನ್ನಡದ ‘ಹಾಕು’ವೇ ಇಂಗ್ಲಿಷಿಗೆ ಹೋಗಿರಬಾರದೇಕೆ?

ಈ ಪ್ರಶ್ನೆ ಕೇಳುವವರು ಅರ್ಧ ನಗುತ್ತಲೇ ಕೇಳುತ್ತಾರೆ, ಇನ್ನರ್ಧ ನಗುವುದಿಲ್ಲ. ದನಿ ಹೋಲುತ್ತದೆ, ಅಷ್ಟೆ. ಹೊಸಗನ್ನಡದ ‘ಹ’ಕಾರ ಹಳಗನ್ನಡದ ‘ಪ’ಕಾರದಿಂದ ಬಂದದ್ದು; ‘ಪಾಲು’ ‘ಹಾಲು’ ಆದಂತೆ. ‘ಹಾಕು’ ತನ್ನ ದಾರಿಯಲ್ಲಿ ತಾನು ಬಂದಿದೆ. ನ್ಯೂಯಾರ್ಕಿನ ಕಳ್ಳರಿಗೂ ಕನ್ನಡಕ್ಕೂ ಯಾವ ವ್ಯವಹಾರವೂ ಇರಲಿಲ್ಲ.

ಇಂಗ್ಲೆಂಡಿನಲ್ಲಿ ‘ಹಾಕ್‌ಟೈಡ್’ ಎಂಬ ಹಬ್ಬವಿದೆ, ಜನರನ್ನು ಕಟ್ಟಿಹಾಕಿ ಹಣ ಪಡೆದು ಬಿಡುತ್ತಿದ್ದರಂತೆ. ಇದೇ ಮೂಲ ಎನ್ನಿಸುವುದಿಲ್ಲವೇ?

ಎನ್ನಿಸುತ್ತದೆ, ಅದಕ್ಕೇ ಎಚ್ಚರ ಬೇಕು. ಈಸ್ಟರ್ ಕಳೆದ ಎರಡನೆಯ ಸೋಮವಾರ, ಮಂಗಳವಾರ ಮಧ್ಯಯುಗದ ಇಂಗ್ಲೆಂಡಿನಲ್ಲಿ ಹೆಂಗಸರು ಗಂಡಸರನ್ನೂ ಗಂಡಸರು ಹೆಂಗಸರನ್ನೂ ಹಗ್ಗದಿಂದ ಹಿಡಿದು, ದಂಡ ಕೊಟ್ಟ ಮೇಲೆ ಬಿಡುತ್ತಿದ್ದರು. ಹಣ ಚರ್ಚಿಗೆ ಹೋಗುತ್ತಿತ್ತು. ಬರ್ಕ್‌ಷರ್‌ನ ಹಂಗರ್‌ಫರ್ಡ್ ಪಟ್ಟಣದಲ್ಲಿ ಈ ಹಬ್ಬ ಈಗಲೂ ನಡೆಯುತ್ತದೆ. ಆದರೆ ಆ ಹಬ್ಬಕ್ಕೂ ಅಮೆರಿಕದ ಕಳ್ಳರ ನುಡಿಗೂ ನಡುವೆ ಶತಮಾನಗಳ ಮೌನವಿದೆ. ಸೇತುವೆ ಕಟ್ಟಲು ಒಂದು ದಾಖಲೆಯೂ ಇಲ್ಲ.

## ಒಂದೇ ಕಾಗುಣಿತ, ಬೇರೆ ಬೇರೆ ಪದ

ಹೋಟೆಲಿನ ಪಟ್ಟಿಯಲ್ಲಿ ‘ಹ್ಯಾಮ್ ಹಾಕ್’, ವೈನ್ ಪಟ್ಟಿಯಲ್ಲಿ ಬರೀ ‘ಹಾಕ್’. ಎಲ್ಲಕ್ಕೂ ಒಂದೇ ಬೇರೇ?

ಇಲ್ಲ. ಪ್ರಾಣಿಯ ಹಿಂಗಾಲಿನ ಗಿಣ್ಣು ‘ಹಾಕ್’. ಅದು ಹಿಮ್ಮಡಿ ಎಂಬರ್ಥದ ಹಳೆಯ ಇಂಗ್ಲಿಷ್ ಪದದ ಸಂತಾನ, ಹ್ಯಾಮ್ ಹಾಕ್ ಹಂದಿಯ ಆ ಭಾಗದ ಮಾಂಸ. ವೈನಿನ ‘ಹಾಕ್’ ಜರ್ಮನಿಯ ಹೊಕ್‌ಹೈಮ್ ಎಂಬ ಊರಿನ ಹೆಸರಿನ ತುಂಡು. ರೈನ್ ಪ್ರದೇಶದ ಬಿಳಿ ವೈನನ್ನು ಬ್ರಿಟಿಷರು ಹಾಗೆ ಕರೆಯುತ್ತಾರೆ. ‘ಹಾಲಿಹಾಕ್’ ಹೂವಿನಲ್ಲಿರುವುದು ದಾಸವಾಳದ ಬಳಗದ ಒಂದು ಗಿಡದ ಹಳೆಯ ಹೆಸರು. ಲ್ಯಾಟಿನ್ನಿನ ‘ಅಡ್ ಹಾಕ್’ಗೂ ಇವಕ್ಕೂ ಸಂಬಂಧವಿಲ್ಲ, ಅದರಲ್ಲಿ ‘ಕೆ’ ಅಕ್ಷರವೂ ಇಲ್ಲ. ತಾತ್ಕಾಲಿಕ ಸಮಿತಿಗಳು ಯಾವುದನ್ನೂ ಅಡವಿಟ್ಟಿಲ್ಲ.

ಬೀದಿಯಲ್ಲಿ ಮಾರುವವರು ‘ಹಾಕರ್’. ಅವರು ಮಾಡುವುದು ‘ಹಾಕ್’ ಅಲ್ಲವೇ?

ಹೌದು, ಆದರೆ ಆ ‘ಹಾಕ್’ನ ಕಾಗುಣಿತ ಎಚ್, ಎ, ಡಬ್ಲ್ಯು, ಕೆ. ಜರ್ಮನ್ ಬಳಗದ ಒಂದು ಹಳೆಯ ನುಡಿಯಿಂದ ‘ಹಾಕರ್’ ಮೊದಲು ಇಂಗ್ಲಿಷಿಗೆ ಬಂತು, ಅದರ ಬಾಲ ಕತ್ತರಿಸಿ ‘ಹಾಕ್’ ಎಂಬ ಕ್ರಿಯಾಪದ ಮಾಡಿಕೊಂಡರು. ಗಿಡುಗ ಎಂಬರ್ಥದ ಪದ ಮತ್ತೂ ಬೇರೆ. ಅಮೆರಿಕದ ಅನೇಕ ಭಾಗಗಳಲ್ಲಿ ಈ ಎರಡು ಕಾಗುಣಿತಗಳ ಉಚ್ಚಾರಣೆ ಒಂದೇ ಆಗಿಬಿಟ್ಟಿರುವುದರಿಂದ ಅಲ್ಲಿನವರೇ ತಪ್ಪಾಗಿ ಬರೆಯುತ್ತಾರೆ: ಬೀದಿಯಲ್ಲಿ ಸರಕು ಮಾರುವವನನ್ನು ಅಡವಿಡುವವನನ್ನಾಗಿ ಮಾಡುತ್ತಾರೆ. ಕೆಮ್ಮಿ ಕಫ ತೆಗೆಯುವ ಪದದಲ್ಲೂ ಇದೇ ಗೊಂದಲ. ಸಂದೇಹ ಬಂದಾಗ ಚೀಟಿ ಇದೆಯೇ ನೋಡಿ. ಚೀಟಿ ಇದ್ದರೆ ಓ, ಸಿ, ಕೆ.

ಅಮೆರಿಕದ ಹಾಸ್ಯ ಧಾರಾವಾಹಿಯಲ್ಲಿ ಅಜ್ಜಿಗೆ ಮೊಮ್ಮಗ ‘ನನ್ನನ್ನು ಹಾಕ್ ಮಾಡಬೇಡ’ ಎಂದ. ಅಜ್ಜಿ ಅವನನ್ನು ಅಡವಿಡಲು ಹೊರಟಿದ್ದಳೇ?

ಇಲ್ಲ, ತಲೆ ತಿನ್ನುತ್ತಿದ್ದಳು. ಅದು ಯಹೂದಿಗಳ ಯಿಡ್ಡಿಷ್ ನುಡಿಯಿಂದ ಬಂದದ್ದು. ಅಲ್ಲಿ ‘ಹಾಕ್’ ಎಂದರೆ ಬಡಿ. ಟೀ ಕಾಯಿಸುವ ಕೆಟಲನ್ನು ಬಡಿಯುವುದು ಎಂಬ ನುಡಿಗಟ್ಟಿಗೆ ಒಂದೇ ಸಮನೆ ಕೊರೆಯುವುದು ಎಂಬ ಅರ್ಥ.

## ಅಡವಿನ ಇತರ ಅಡ್ಡಹೆಸರುಗಳು

ಬ್ರಿಟಿಷರೂ ‘ಹಾಕ್’ ಎನ್ನುತ್ತಾರೆಯೇ?

ಈಗ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಅವರ ಹಳೆಯ ಪದ ‘ಪಾಪ್’. ಕಾನ್ವೆಂಟ್ ಶಾಲೆಯಲ್ಲಿ ಓದಿದ ಪ್ರತಿ ಕನ್ನಡದ ಮಗುವೂ ಅದನ್ನು ಹಾಡಿದೆ: ‘ಪಾಪ್ ಗೋಸ್ ದ ವೀಸೆಲ್’. 1850ರ ದಶಕದ ಲಂಡನ್ನಿನಲ್ಲಿ ಹುಚ್ಚು ಹಿಡಿಸಿದ ಕುಣಿತದ ಹಾಡದು. ಅದರ ಒಂದು ಪಾಠದಲ್ಲಿ ಸಿಟಿ ರೋಡ್ ಎಂಬ ಬೀದಿಯೂ ಈಗಲ್ ಎಂಬ ಹೆಂಡದಂಗಡಿಯೂ ಬರುತ್ತವೆ. ಎರಡೂ ಇಂದಿಗೂ ಇವೆ. ದುಡ್ಡೆಲ್ಲ ಕುಡಿದು ಕಳೆದ ಮೇಲೆ ‘ವೀಸೆಲ್’ ಅಡವಿಗೆ ಹೋಗುತ್ತದೆ ಎಂಬುದು ಜನಪ್ರಿಯ ವಿವರಣೆ. ಆ ವೀಸೆಲ್ ದರ್ಜಿಯ ಉಪಕರಣ ಎಂದು ಒಬ್ಬರು, ಕೋಟು ಎಂದು ಇನ್ನೊಬ್ಬರು. ನೂರೈವತ್ತು ವರ್ಷಗಳಿಂದ ಜಗಳ ನಡೆದಿದೆ. ಶಿಶುವಿಹಾರದ ಮಕ್ಕಳು ತಲೆಕೆಡಿಸಿಕೊಳ್ಳದೆ ಹಾಡುತ್ತಲೇ ಇದ್ದಾರೆ.

‘ಅಪ್ ದ ಸ್ಪೌಟ್’ ಎಂದರೆ ಕೆಟ್ಟುಹೋಯಿತು ಎಂದು ಗೊತ್ತು. ಅದರಲ್ಲಿ ಅಡವು ಎಲ್ಲಿದೆ?

ಗಿರವಿ ಅಂಗಡಿಯ ಕೆಳಗಿನ ಮಹಡಿಯಲ್ಲಿ ಗಲ್ಲಾ, ಮೇಲಿನ ಮಹಡಿಯಲ್ಲಿ ಉಗ್ರಾಣ. ಒತ್ತೆಯ ವಸ್ತುವನ್ನು ಒಂದು ಕೊಳವೆಯಂಥ ಕಿಂಡಿಯ ಮೂಲಕ ಮೇಲಕ್ಕೆ ಎಳೆಯುತ್ತಿದ್ದರು. ಆ ಕಿಂಡಿಯೇ ‘ಸ್ಪೌಟ್’. ನಿಮ್ಮ ಕೋಟು ಅದರೊಳಗೆ ಏರಿತೆಂದರೆ ಸದ್ಯಕ್ಕೆ ಕೈತಪ್ಪಿತು. ಅಂಗಡಿಯ ಕಿಂಡಿ ಮರೆತುಹೋಯಿತು, ‘ಎಲ್ಲ ಹಾಳಾಯಿತು’ ಎಂಬ ಅರ್ಥ ಮಾತ್ರ ಉಳಿಯಿತು.

ಗಿರವಿ ಅಂಗಡಿಯವನನ್ನು ‘ಅಂಕಲ್’ ಎನ್ನುವುದೇಕೆ?

ಹಣ ಎಲ್ಲಿಂದ ಬಂತು ಎಂದು ಕೇಳಿದರೆ ‘ಚಿಕ್ಕಪ್ಪ ಕೊಟ್ಟರು’ ಎನ್ನುವುದು ಮರ್ಯಾದೆಯ ಉತ್ತರ, ಅದಕ್ಕೆ. ಹದಿನೆಂಟನೆಯ ಶತಮಾನದಿಂದಲೂ ಇಂಗ್ಲಿಷಿನಲ್ಲಿ ಈ ಬಳಕೆಯಿದೆ. ಫ್ರೆಂಚರಿಗೆ ಅದು ಚಿಕ್ಕಪ್ಪನಲ್ಲ, ಅತ್ತೆ: ‘ಮಾ ತಾಂತ್’. ರಾಜ ಲೂಯಿ ಫಿಲಿಪ್‌ನ ಮಗ ಗಡಿಯಾರ ಅಡವಿಟ್ಟು ಬಂದು, ತಾಯಿ ಕೇಳಿದಾಗ ‘ಅತ್ತೆಯ ಮನೆಯಲ್ಲಿ ಮರೆತೆ’ ಎಂದನಂತೆ ಎಂಬ ದಂತಕಥೆ ಪ್ಯಾರಿಸಿನಲ್ಲಿದೆ. ಡಚ್ಚರು ‘ಯಾನ್ ಚಿಕ್ಕಪ್ಪ’ನ ಬಳಿ ಹೋಗುತ್ತಾರೆ. ಸಾಲಕ್ಕೆ ನೆಂಟಸ್ತಿಕೆ ಕಟ್ಟುವುದರಲ್ಲಿ ಯೂರೋಪು ಒಗ್ಗಟ್ಟಾಗಿದೆ.

ಅಂಗಡಿಯ ಮುಂದೆ ಮೂರು ಚಿನ್ನದ ಗುಂಡುಗಳು ನೇತಾಡುವುದು ಏನು?

ಗಿರವಿ ಅಂಗಡಿಯ ಗುರುತು. ಲೊಂಬಾರ್ಡಿಯ ಲೇವಾದೇವಿಗಾರರಿಂದ ಬಂತು ಎಂದು ಸಾಮಾನ್ಯ ವಿವರಣೆ. ಫ್ಲಾರೆನ್ಸಿನ ಮೆಡಿಚಿ ಮನೆತನದ ಲಾಂಛನ, ಬಡ ಹೆಣ್ಣುಮಕ್ಕಳ ವರದಕ್ಷಿಣೆಗೆಂದು ಸಂತ ನಿಕೊಲಸ್ ಎಸೆದ ಮೂರು ಚಿನ್ನದ ಚೀಲ ಎಂಬ ಕಥೆಗಳೂ ಇವೆ. ಗಿರಾಕಿಗಳ ವಿವರಣೆ ಇವಕ್ಕಿಂತ ಚೆನ್ನಾಗಿದೆ: ಮೇಲೆರಡು ಕೆಳಗೊಂದು, ಅಂದರೆ ನಿಮ್ಮ ವಸ್ತು ವಾಪಸು ಬರದಿರುವ ಸಾಧ್ಯತೆ ಒಂದಕ್ಕೆ ಎರಡು ಪಾಲು.

ಚದುರಂಗದ ‘ಪಾನ್’ಗೂ ಅಡವಿನ ‘ಪಾನ್’ಗೂ ನಂಟಿದೆಯೇ?

ಇಲ್ಲ. ಚದುರಂಗದ್ದು ಲ್ಯಾಟಿನ್ನಿನ ಪಾದ ಎಂಬರ್ಥದ ಪದದಿಂದ ಬಂದದ್ದು, ನಮ್ಮ ‘ಕಾಲಾಳು’ ಇದ್ದಂತೆ. ಅಡವಿನದು ಒತ್ತೆ ಎಂಬರ್ಥದ ಹಳೆಯ ಫ್ರೆಂಚ್ ಪದ.

## ಅನುವಾದಕರಿಗೆ ಮತ್ತು ಕಾನೂನು ಓದುವವರಿಗೆ

ಕನ್ನಡಕ್ಕೆ ತರುವಾಗ ಅಡವು, ಗಿರವಿ, ಒತ್ತೆ ಇವುಗಳಲ್ಲಿ ಯಾವುದು ಸರಿ?

ಮೂರೂ ಸರಿ; ಯಾರ ಬಾಯಲ್ಲಿ ಎಂಬುದು ಮುಖ್ಯ. ‘ಒತ್ತೆ’ ಹಳೆಯ ಗಾಂಭೀರ್ಯದ ಪದ. ‘ಅಡವು’ ಮನೆಯ ಮಾತು. ‘ಗಿರವಿ’ ಪಾರ್ಸಿಯ ‘ಗಿರವ್’ನಿಂದ ಬಂದು ಪೇಟೆಯಲ್ಲಿ ನೆಲೆಯಾದದ್ದು, ‘ಹಾಕ್’ನ ಹಗುರ ಧಾಟಿಗೆ ಇದೇ ಹತ್ತಿರ ಎನ್ನುವುದು ನನ್ನ ಪಕ್ಷ. ‘ಸೇಟು ಅಂಗಡಿಯಲ್ಲಿದೆ’ ಎಂಬ ಬೆಂಗಳೂರಿನ ಮಾತು ಧಾಟಿಯಲ್ಲಿ ಇನ್ನೂ ಹೆಚ್ಚು ಹೊಂದುತ್ತದೆ, ಆದರೆ ಕಥೆ ನಡೆಯುವುದು ಶಿಕಾಗೋದಲ್ಲಿ ಆದರೆ ಸೇಟು ಅಲ್ಲಿಗೆ ಹೋಗಲಾರ. ಭೂಮಿಯನ್ನು ಸಾಲ ಕೊಟ್ಟವನೇ ಉಳುಮೆ ಮಾಡಿ ಫಲ ಉಣ್ಣುವ ಏರ್ಪಾಡು ‘ಭೋಗ್ಯ’. ಅದನ್ನು ‘ಹಾಕ್’ಗೆ ಬಳಸಿದವರನ್ನು ಕಂಡಿದ್ದೇನೆ, ಕೈಗಡಿಯಾರದ ಫಲವನ್ನು ಯಾರು ಹೇಗೆ ಉಣ್ಣಬೇಕೋ ತಿಳಿಯದು.

ಭಾರತದ ಕಾನೂನಿನಲ್ಲಿ ‘ಹಾಕ್’ ಇದೆಯೇ?

ಆಡುಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ. ‘ಪಾನ್’ ಮಾತ್ರ ಇದೆ. 1872ರ ಭಾರತೀಯ ಕರಾರು ಅಧಿನಿಯಮದ 172ನೇ ಕಲಮು, ಸಾಲಕ್ಕೆ ಭದ್ರತೆಯಾಗಿ ವಸ್ತು ಒಪ್ಪಿಸುವುದನ್ನು ‘ಪ್ಲೆಜ್’ ಎಂದೂ ಒಪ್ಪಿಸಿದವನನ್ನು ‘ಪಾನರ್’ ಎಂದೂ ಪಡೆದವನನ್ನು ‘ಪಾನೀ’ ಎಂದೂ ಹೆಸರಿಸುತ್ತದೆ. ಬ್ರಿಟನ್ನಿನಲ್ಲಿ ಗಿರವಿ ಅಂಗಡಿಗಳಿಗೆಂದೇ ಒಂದು ಕಾಯ್ದೆ ಬಂದದ್ದೂ ಅದೇ 1872ರಲ್ಲಿ. ನಮ್ಮ ರಾಜ್ಯದಲ್ಲಿ ಗಿರವಿ ವ್ಯಾಪಾರಕ್ಕೆ ಪರವಾನಗಿ, ಬಡ್ಡಿಯ ಮಿತಿ ಇವನ್ನು ನೋಡಿಕೊಳ್ಳುವುದು 1961ರ ಕರ್ನಾಟಕ ಗಿರವಿದಾರರ ಅಧಿನಿಯಮ.

ಅಮೆರಿಕದಲ್ಲಿ ವಸ್ತು ಬಿಟ್ಟುಕೊಟ್ಟರೆ ಸಾಲ ಮುಗಿಯಿತು ಎಂದಿರಿ. ಇಲ್ಲೂ ಹಾಗೆಯೇ?

ಇಲ್ಲ, ಇದನ್ನು ಚೆನ್ನಾಗಿ ನೆನಪಿಡಬೇಕು. ಕರಾರು ಅಧಿನಿಯಮದ 176ನೇ ಕಲಮಿನ ಪ್ರಕಾರ, ಸಾಲ ತೀರದಿದ್ದರೆ ಪಡೆದವನು ಸೂಕ್ತ ನೋಟಿಸು ಕೊಟ್ಟು ವಸ್ತುವನ್ನು ಮಾರಬಹುದು. ಬಂದ ಹಣ ಸಾಲಕ್ಕೆ ಸಾಲದಿದ್ದರೆ ಉಳಿದದ್ದನ್ನು ಅಡವಿಟ್ಟವನೇ ಕಟ್ಟಬೇಕು. ಹೆಚ್ಚಾದರೆ ಹೆಚ್ಚಿನದು ಅವನಿಗೆ ಹಿಂತಿರುಗಬೇಕು. ಎರಡನೆಯ ಭಾಗವನ್ನು ಬಹಳ ಮಂದಿ ಕೇಳಿಯೇ ಇರುವುದಿಲ್ಲ. ಗಡುವು ದಾಟಿದ ಮಾತ್ರಕ್ಕೆ ಒಡವೆ ಹೋಯಿತೆಂದೂ ಅಲ್ಲ: ಅದು ನಿಜವಾಗಿ ಮಾರಾಟವಾಗುವ ಕ್ಷಣದವರೆಗೆ, ತಡಮಾಡಿದ್ದರಿಂದ ಆದ ಖರ್ಚನ್ನೂ ಸೇರಿಸಿ ಕಟ್ಟಿ, ಬಿಡಿಸಿಕೊಳ್ಳಬಹುದು ಎನ್ನುತ್ತದೆ 177ನೇ ಕಲಮು.